ಅಗಸಿ ಹೊರಗಿನ ಊರುಗಳು

ಬಿಜಾಪುರಕ್ಕೆ ನೆಂಟರು ಬಂದ್ರೆ ನಾವು ಎಲ್ಲಿಗೆ ಕರಕೊಂಡು ಹೋಗ್ತೀವಿ? ಮೊದಲು ಗೋಳಗುಮ್ಮಟ. ಆಮೇಲೆ ಇಬ್ರಾಹಿಂ ರೋಜಾ, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ ತೋಪು. ಟೈಮಿದ್ರೆ ತಾಜ್ ಬಾವಡಿ. ಅಲ್ಲಿಗೆ ಊರು ನೋಡಿದ ಹಾಗಾಯ್ತು! (2014ರ ನವೆಂಬರ್ 1ರಿಂದ ಊರಿನ ಹೆಸರು ವಿಜಯಪುರ. ಆದರೂ ನಮ್ಮ ಕಡೆ ಬಾಯಿಗೆ ಬರೋದು ಬಿಜಾಪುರಾನೇ.)

ಆದರೆ ಈ ಊರಲ್ಲಿ ಇರೋರೆಲ್ಲ ಗುಮ್ಮಟದ ನೆರಳಲ್ಲಿ ಇಲ್ಲ. ಬಹಳಷ್ಟು ಮಂದಿ ಇರೋದು ಹೊರಗೆ: ತೊರವಿ ಕಡೆ, ಟಕ್ಕೆ ಕಡೆ, ಅಲ್ಲಾಪುರ ಕಡೆ, ಇಬ್ರಾಹಿಂಪುರ ಕಡೆ. ಹೊಲ ಮುಗಿದು ಪ್ಲಾಟು ಶುರುವಾಗೋ ಜಾಗ. ಕೆಲವು ಕಡೆ ಇನ್ನೂ ಪ್ಲಾಟಿನ ಕಲ್ಲುಗಳ ನಡುವೆ ಜೋಳ ಬೆಳೀತದೆ. ನಾನೂ ಅಂಥದ್ದೇ ಒಂದು ಕಾಲೊನಿಯವನು, ತಿಕೋಟಾ ರಸ್ತೆ ಕಡೆ. ಹಳ್ಳಿಯವರು ನಮ್ಮನ್ನ "ಸಿಟಿ ಮಂದಿ" ಅಂತಾರೆ. ಸಿಟಿಯವರು "ಅಷ್ಟು ದೂರ ಯಾಕ್ ಮನಿ ಮಾಡಿರಿ?" ಅಂತಾರೆ. ನಳದ ಅರ್ಜಿ ಹಿಡ್ಕೊಂಡು ಒಂದು ಆಫೀಸಿಗೆ ಹೋದ್ರೆ "ನೀವು ನಮ್ಮ ಹದ್ದಿನಾಗ ಬರಂಗಿಲ್ಲ" ಅಂದ್ರು. ಇನ್ನೊಂದು ಆಫೀಸಿಗೆ ಹೋದ್ರೆ ಅಲ್ಲೂ ಅದೇ ಮಾತು. :-)

ಈ ಎಲ್ಲೂ ಸಲ್ಲದ ಸ್ಥಿತಿ ಹೊಸ ಲೇಔಟುಗಳ ಜೊತೆಗೆ ಬಂದದ್ದು ಅಂತ ನಾನು ತಿಳಿದಿದ್ದೆ. ಹಳೆಯ ಕಥೆ ಓದ್ತಾ ಹೋದ ಹಾಗೆ ಗೊತ್ತಾಯ್ತು, ಇದಕ್ಕೆ ನಾನೂರು ವರ್ಷದ ಮೇಲೆ ವಯಸ್ಸಾಗಿದೆ.

ಬಿಜಾಪುರದ ಸುತ್ತಲಿನ ಕೋಟೆಗೋಡೆ ಒಂದನೇ ಅಲಿ ಆದಿಲ್ ಶಾಹನ ಕಾಲದ್ದು. 1565ರ ಹೊತ್ತಿಗೆ ಮುಗೀತು ಅಂತಾರೆ. ಅದೇ ವರ್ಷ ಜನವರಿಯಲ್ಲೇ ರಕ್ಕಸತಂಗಡಿ ಯುದ್ಧ ನಡೆದದ್ದು ನಿಮಗೆಲ್ಲ ಗೊತ್ತು. ಗೋಡೆಯ ಸುತ್ತಳತೆ ಸುಮಾರು 10 ಕಿ.ಮೀ. ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇ ಅಂತ ಐದು ದೊಡ್ಡ ದರ್ವಾಜಾಗಳು. ನಮ್ಮ ಮಾತಲ್ಲಿ ಹೇಳೋದಾದ್ರೆ ಐದು ಅಗಸಿ. ಗೋಡೆ ಕಟ್ಟಿದ ಕೂಡಲೇ ಊರು ಎರಡಾಯ್ತು: ಅಗಸಿ ಒಳಗಿನದು, ಅಗಸಿ ಹೊರಗಿನದು. ಹೊರಗಿನ ಪೇಟೆಗಳೇನು ಸಣ್ಣವಲ್ಲ. ವಾಯವ್ಯಕ್ಕೆ ಶಹಾಪುರ ಅನ್ನೋ ದೊಡ್ಡ ಪೇಟೆ. ಅದರಾಚೆ ಅಫಜಲಖಾನನ ಹೆಸರಿನ ಅಫಜಲಪುರ, ಈಗಿನ ಟಕ್ಕೆ. ಪೂರ್ವಕ್ಕೆ ಐನಾಪುರ.

ಪಶ್ಚಿಮಕ್ಕೆ, ಐದಾರು ಕಿ.ಮೀ. ದೂರದಲ್ಲಿ, ತೊರವಿ. ಇದು ಆದಿಲ್‌ಶಾಹಿಯವರು ಹುಟ್ಟಿಸಿದ ಊರಲ್ಲ. ನರಸಿಂಹ ದೇವರ ಗುಡಿ ಇರೋ ಹಳೆಯ ಊರು. 'ತೊರವೆ ರಾಮಾಯಣ'ದ ಹೆಸರು ಬಂದದ್ದು ಈ ತೊರವಿಯಿಂದಲೇ. ಬಿಜಾಪುರ ಬೆಳೆದಾಗ ತೊರವಿಗೆ ಒಂದು ಹೊಸ ಕೆಲಸ ಬಿತ್ತು. ಏನಪ್ಪಾ ಅಂದ್ರೆ, ನೀರು ಕೊಡೋದು! ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನಗರಕ್ಕೆ ನೀರು ತಂದರು. ಪರ್ಶಿಯಾದ ಕಡೆ ಕರೇಜ್ ಅಂತಾರಲ್ಲ, ಅದೇ ಪದ್ಧತಿ. ಪಂಪಿಲ್ಲ, ಕರೆಂಟಿಲ್ಲ. ಇಳಿಜಾರು ನೋಡಿಕೊಂಡು ಅಗೆದ ಕಾಲುವೆ, ಗಾಳಿಗೆ ಮತ್ತು ಹೂಳು ತೆಗೆಯೋಕೆ ಅಲ್ಲಲ್ಲಿ ಬಾವಿಯಂಥ ಕಿಂಡಿ. ತೊರವಿಯ ಸುರಂಗ ಬಾವಡಿ ಇದರದ್ದೇ ಭಾಗ. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ಮತ್ತಷ್ಟು ನೀರು ತಂದ. ಎರಡರಲ್ಲೂ ನೀರು ಹರಿದದ್ದು ಒಂದೇ ದಿಕ್ಕಿಗೆ: ಹೊರಗಿನಿಂದ ಒಳಗೆ.

ಒಂದು ಸಲ ಮಾತ್ರ ಹೊರವಲಯಕ್ಕೆ ರಾಜಯೋಗ ಬಂದಿತ್ತು. ಸಂಗೀತದ ಹುಚ್ಚಿನ ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ತೊರವಿಯ ಪಕ್ಕದಲ್ಲೇ ಹೊಸ ರಾಜಧಾನಿ ಶುರು ಮಾಡಿದ. ತಾನು ಬರೆದ ಹಾಡುಗಳ ಪುಸ್ತಕಕ್ಕೆ 'ಕಿತಾಬ್-ಎ-ನವರಸ್' ಅಂತ ಹೆಸರು, ಊರಿಗೆ ನವರಸಪುರ ಅಂತ ಹೆಸರು. ಅಮೀರರಿಗೆ ಅಲ್ಲಿ ಮನೆ ಕಟ್ಟಿ ಅಂತ ಹೇಳಿದ. ಅರಮನೆ ಎದ್ದಿತು, ಸಂಗೀತ ಮಹಲ್ ಅಂತ ಇವತ್ತಿಗೂ ಅದರ ಅವಶೇಷ ನಿಂತಿದೆ. ಹಳೇ ಬಿಜಾಪುರಕ್ಕಿಂತ ದೊಡ್ಡ ಊರಾಗಬೇಕು ಅನ್ನೋ ಆಸೆ. ಆದರೆ ಕೋಟೆಗೋಡೆ ಪೂರ್ತಿಯಾಗಲೇ ಇಲ್ಲ.

1624ರಲ್ಲಿ ಅಹಮದ್‌ನಗರದ ಕಡೆಯ ಮಲಿಕ್ ಅಂಬರ್ ಭಾತವಡಿಯಲ್ಲಿ ಮೊಘಲ್ ಮತ್ತು ಬಿಜಾಪುರದ ಸೈನ್ಯಗಳನ್ನ ಒಟ್ಟಿಗೆ ಸೋಲಿಸಿದ. ಅಲ್ಲಿಂದ ನೇರ ಬಿಜಾಪುರಕ್ಕೆ ಬಂದ. ಸುಲ್ತಾನ ಕೋಟೆಯೊಳಗೆ ಸೇರಿಕೊಂಡ, ಅಗಸಿ ಬಾಗಿಲು ಮುಚ್ಚಿದ್ವು. ಗೋಡೆ ಮುಗಿಯದ ನವರಸಪುರ ಲೂಟಿಯಾಯ್ತು. ಆಮೇಲೆ ಅದು ರಾಜಧಾನಿಯಾಗಿ ಮೇಲೇಳಲೇ ಇಲ್ಲ. ಯೋಚನೆ ಮಾಡಿ, ಹೊಸ ಬಡಾವಣೆ ಅಂತ ಆಸೆಪಟ್ಟು ಮನೆ ಕಟ್ಟಿದ ಜನ, 25 ವರ್ಷ ತುಂಬೋದ್ರೊಳಗೆ!

ನನ್ನ ನಿದ್ದೆಗೆಡಿಸಿದ್ದು ಮಾತ್ರ ಇದಲ್ಲ, ಇದರ ನಂತರದ ಕಥೆ. ನವರಸಪುರವನ್ನ ಹಾಳು ಮಾಡಿದ್ದು ಹೊರಗಿನ ಶತ್ರು. ಎರಡನೇ ಸಲ ಹಾಳು ಮಾಡಿದ್ದು ಸ್ವಂತ ಊರೇ.

1665ರಲ್ಲಿ ಔರಂಗಜೇಬನ ಸೇನಾಪತಿ ಮಿರ್ಜಾ ರಾಜಾ ಜೈಸಿಂಗ್ ದಂಡೆತ್ತಿ ಬಂದ. ಆ ವರ್ಷ ಜೂನಿನಲ್ಲಿ ಪುರಂದರ ಒಪ್ಪಂದ ಆಗಿತ್ತಲ್ಲ, ಹಾಗಾಗಿ ಈ ದಂಡಿನಲ್ಲಿ ಶಿವಾಜಿಯೂ ಇದ್ದ. ಡಿಸೆಂಬರ್ ಕೊನೆಗೆ ಮೊಘಲ್ ಸೈನ್ಯ ನಗರದಿಂದ ಸುಮಾರು 12 ಮೈಲಿ ದೂರಕ್ಕೆ ಬಂದು ಮುಟ್ಟಿತು. ಆಗ ಎರಡನೇ ಅಲಿ ಆದಿಲ್ ಶಾಹನ ಕಡೆಯವರು ಮಾಡಿದ್ದೇನು ಗೊತ್ತಾ? ನವರಸಪುರದ ಮತ್ತು ಶಹಾಪುರದ ದೊಡ್ಡ ಕೆರೆಗಳ ನೀರು ಬಿಟ್ಟು ಖಾಲಿ ಮಾಡಿದರು. ನಗರದ ಸುತ್ತ ಆರು ಮೈಲಿಯೊಳಗಿನ ಬಾವಿಗಳಿಗೆಲ್ಲ ಮಣ್ಣು ತುಂಬಿದರು. ಹೊರಗಿನ ಕಟ್ಟಡ ಕೆಡವಿದರು, ಗಿಡಮರ ಕಡಿದರು. ಶತ್ರುವಿಗೆ ಕುಡಿಯೋಕೆ ಹನಿ ನೀರು ಸಿಗಬಾರದು, ತಂಗೋಕೆ ನೆರಳೂ ಸಿಗಬಾರದು!

ಉಪಾಯ ಫಲಿಸಿತು. ಒಂದು ವಾರವೂ ನಿಲ್ಲಲಾಗದೆ 1666ರ ಜನವರಿ ಮೊದಲ ವಾರದಲ್ಲಿ ಜೈಸಿಂಗ್ ಹಿಂದೆ ಸರಿದ. ಬಿಜಾಪುರ ಉಳೀತು. ಅದಾದ ಮೇಲೂ 20 ವರ್ಷ, 1686ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಗೆಲ್ಲೋವರೆಗೂ, ಅದು ಆದಿಲ್‌ಶಾಹಿ ರಾಜಧಾನಿಯಾಗೇ ಇತ್ತು.

ಯುದ್ಧತಂತ್ರ ಅಂತ ನೋಡಿದ್ರೆ ಶಭಾಷ್ ಅನ್ನಬೇಕು. ಗೋಡೆಯೊಳಗೆ ನಿಂತು ನೋಡಿದ್ರೆ ನಾನೂ ಅಂತೀನಿ. ಆದರೆ ಆರು ಮೈಲಿ ಅಂದ್ರೆ ಎಷ್ಟು? ತೊರವಿ ಅದರೊಳಗೆ ಬಂತು. ಶಹಾಪುರ, ಟಕ್ಕೆ, ಐನಾಪುರ ಎಲ್ಲ ಬಂತು. ಈಗ ನಾವು ಮನೆ ಮಾಡ್ಕೊಂಡಿರೋ ಜಾಗವೂ ಬಂತು. ನಮ್ಮ ನೆಲದಲ್ಲಿ ಬಾವಿ ತೋಡೋದು ಅಂದ್ರೆ ಹುಡುಗಾಟ ಅಲ್ಲ. ಮೇಲೆ ಕರಿ ಮಣ್ಣು, ಕೆಳಗೆ ಕರಿ ಕಲ್ಲು. ಗುದ್ದಲಿ, ಹಾರೆ ಹಿಡಿದು ಮನೆಮಂದಿಯೆಲ್ಲ ವರ್ಷಗಟ್ಟಲೆ ಅಗೆದ ಬಾವಿ ಒಂದೇ ದಿನದಲ್ಲಿ ಮುಚ್ಚಿತು. ಸೈನ್ಯ ವಾಪಸು ಹೋಯ್ತು, ಬೇಸಿಗೆ ಬಂತು. ಕೋಟೆಯೊಳಗೆ ತಾಜ್ ಬಾವಡಿ, ಚಾಂದ್ ಬಾವಡಿ ಇದ್ವು. ಹೊರಗೆ? ಗೆದ್ದವನ ಹೆಸರು, ಸೋತವನ ಹೆಸರು ನಾನು ಓದಿದ ಪುಸ್ತಕಗಳಲ್ಲೆಲ್ಲ ಇದೆ. ಆ ಬಾವಿಗಳನ್ನ ಮತ್ತೆ ತೋಡಿದವರ ಬಗ್ಗೆ ಒಂದು ಸಾಲೂ ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಕಾಲ ತಿರುಗಿತು. ಗೋಡೆಯೊಳಗಿನ ಊರೇ ಹಾಳು ಸುರೀತು. 1884ರಲ್ಲಿ ರೈಲು ಬಂತು, 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಆದರೂ 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 23,811 ಅಷ್ಟೇ. 2011ರಲ್ಲಿ ಅದು 3 ಲಕ್ಷ 27 ಸಾವಿರದಷ್ಟಾಯ್ತು. ಅಷ್ಟು ಮಂದಿಗೆ ಗೋಡೆಯೊಳಗೆ ಜಾಗ ಸಾಲಬೇಕಲ್ಲ? ಹಾಗಾಗಿ ಊರು ಮತ್ತೆ ಅಗಸಿ ದಾಟಿ ಹೊರಬಂತು, ಇಬ್ರಾಹಿಂ ಸುಲ್ತಾನನ ಆಸೆ ಬೇರೆ ರೀತಿಯಲ್ಲಿ ಈಡೇರಿದ ಹಾಗೆ. 2003ರಲ್ಲಿ ಶುರುವಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯದ ಆವರಣ ಇರೋದು ತೊರವಿಯಲ್ಲೇ. ನವರಸಗಳ ಊರಿನ ಮಗ್ಗುಲಲ್ಲಿ ಈಗ ಅಕ್ಕಮಹಾದೇವಿಯ ಹೆಸರು. ಬೆಳಿಗ್ಗೆ ಹುಡುಗಿಯರು ಪುಸ್ತಕ ಎದೆಗವಚಿಕೊಂಡು ಬಸ್ಸಿಗೆ, ಟಂಟಂಗೆ ಓಡೋದು ನೋಡಿದ್ರೆ ಖುಷಿಯಾಗ್ತದೆ. ಇದೇ ರಸ್ತೆಯಲ್ಲಿ ಮುಂದೆ ಹೋದ್ರೆ 20 ಕಿ.ಮೀ.ಗೆ ತಿಕೋಟಾ, ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ಸೀಮೆ, ಈಗ ಅದೇ ಒಂದು ತಾಲ್ಲೂಕು. ಅಲ್ಲಿ ಬರಗಾಲದಲ್ಲಿ ಬಳ್ಳಿ ಉಳಿಸೋಕೆ ಟ್ಯಾಂಕರಿನಲ್ಲಿ ನೀರು ಹೊತ್ತ ರೈತರಿಗೆ, ಬಾವಿ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಬಾಗಿಲು ಹಾಕೋ ಅಗಸಿ ಇಲ್ಲ. ಆದರೆ ಹದ್ದಿನ ಗೆರೆ ಇದೆ, ನಳದ ಪೈಪು ಎಲ್ಲಿಗೆ ನಿಲ್ತದೆ ಅನ್ನೋ ಲೆಕ್ಕ ಇದೆ. ಊರು ಬೆಳೀಬೇಕು, ಬೆಳೆದ ಊರಿಗೆ ನೀರು ಬೇಕು, ಎಲ್ಲ ಖರೆ. ಯೋಜನೆ ಬರೆಯೋರು ನಕ್ಷೆ ಹಾಸಿಕೊಂಡು ಕೂತಾಗ, ಅಂಚಿನಲ್ಲಿರೋ ಊರು ಖಾಲಿ ಜಾಗದ ಹಾಗೆ ಕಾಣ್ತದೆ. 1665ರಲ್ಲೂ ಹಾಗೇ ಕಂಡಿರಬೇಕು. ಅಲ್ಲಿ ಬಾವಿ ಇತ್ತು, ಬಾವಿಯ ಸುತ್ತ ಜನ ಇದ್ದರು.

ಮುಂದಿನ ಸಲ ಬಿಜಾಪುರಕ್ಕೆ ಬಂದಾಗ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ, ಬೇಡ ಅನ್ನಲ್ಲ. ಹಾಗೇ ಒಂದು ಗಂಟೆ ಬಿಡುವು ಮಾಡ್ಕೊಂಡು ತೊರವಿ ಕಡೆಗೂ ಬನ್ನಿ. ಸುರಂಗ ಬಾವಡಿಯ ಬಾಯಿಗೆ ಬಗ್ಗಿ ನೋಡಿ. ಆ ದೊಡ್ಡ ಊರಿನ ಬಾಯಾರಿಕೆ ತಣಿಸಿದ್ದು ಅಲ್ಲಿಂದ ಹೋದ ನೀರು.