ಖಾಕಿ ಬಿಚ್ಚಿದ ಮೇಲೆ ಕೈಗೆ ಬರೋದೆಷ್ಟು?

(1/4)
ನಮ್ಮ ಆಂಡರ್ಸನ್‌ಪೇಟೆಯಲ್ಲಿ ಎಲ್ಲರೂ 'ಸರ್ಕಾರಿ ಬಸ್ಸು' ಅಂತಾರೆ. ಹಾಗಾದ್ರೆ ಅದರ ಡ್ರೈವರ್, ಕಂಡಕ್ಟರ್ ಸರ್ಕಾರಿ ನೌಕರರಾ? ಅಲ್ಲ. ಅವರ ಪೆನ್ಷನ್ ಕಥೆ ಈ 'ಅಲ್ಲ'ದಿಂದಲೇ ಶುರು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯ್ತು. ಅದೇ ಇವತ್ತಿನ ಕೆಎಸ್‌ಆರ್‌ಟಿಸಿ. ನಿಗಮ ಸರ್ಕಾರದ್ದೇ, ಆದ್ರೆ ಕಾನೂನಿನ ಪ್ರಕಾರ ಬೇರೆ ಸಂಸ್ಥೆ. ಮನೆ ಅಪ್ಪಂದು, ಖಾತೆ ಮಾತ್ರ ಬೇರೆ ಹೆಸರಲ್ಲಿ ಇದ್ದ ಹಾಗೆ.

(2/4)
ಹಾಗಾಗಿ ಇವರಿಗೆ ಬರೋದು ಖಾಸಗಿ ಫ್ಯಾಕ್ಟರಿ ಕಾರ್ಮಿಕರಿಗೆ ಬರುವಂಥದ್ದೇ: ಪಿಎಫ್, ಗ್ರಾಚ್ಯುಟಿ, ಜೊತೆಗೆ 1995ರ ನವೆಂಬರ್ 16ರಂದು ಜಾರಿಯಾದ ಇಪಿಎಸ್-95 ಪೆನ್ಷನ್. ಗ್ರಾಚ್ಯುಟಿ ಅಂದ್ರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ಒಂದೇ ಸಲ ಸಿಗುವ ಗಂಟು. ಆದ್ರೆ ಗಂಟು ಮಗಳ ಮದುವೆ, ಮನೆ ಸಾಲ ಅಂತ ಕರಗುತ್ತೆ. ತಿಂಗಳ ಅಕ್ಕಿ, ಮಾತ್ರೆಗೆ ಪೆನ್ಷನ್ನೇ ಗತಿ.

(3/4)
ಬಿಕಾಂನವರು ಕ್ಯಾಲ್ಕುಲೇಟರ್ ತೆಗೀರಿ. ಸೂತ್ರ ಸುಲಭ: ಪೆನ್ಷನ್ ಸಂಬಳ × ಸೇವಾ ವರ್ಷ ÷ 70.

ತೊಡಕು ಇರೋದು 'ಪೆನ್ಷನ್ ಸಂಬಳ'ದಲ್ಲಿ. ಕೈಗೆ ಎಷ್ಟೇ ಬರಲಿ, ಲೆಕ್ಕಕ್ಕೆ ಒಂದು ಮಿತಿ ಇದೆ: 2014ರ ಆಗಸ್ಟ್‌ವರೆಗೆ 6,500 ರೂಪಾಯಿ, ಆಮೇಲೆ 15,000. 1995ರ ಕೊನೆಗೆ ಸೇರಿ 2024ರಲ್ಲಿ 58 ತುಂಬಿದ ಒಬ್ಬ ಕಂಡಕ್ಟರ್ ಅಂದ್ಕೊಳ್ಳಿ.

ಮೊದಲ 19 ವರ್ಷ: 6,500 × 19 ÷ 70 = 1,764
ನಂತರದ 10 ವರ್ಷ: 15,000 × 10 ÷ 70 = 2,143

ಒಟ್ಟು 3,907. 20 ವರ್ಷ ದಾಟಿದವರಿಗೆ ಕೊಡುವ 2 ವರ್ಷದ ಹೆಚ್ಚುವರಿ ಸೇರಿಸಿದ್ರೂ ನಾಲ್ಕು ಸಾವಿರ ಚಿಲ್ಲರೆ. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಬೆಲೆ ಏರುತ್ತೆ, ಪೆನ್ಷನ್ ಅಲ್ಲೇ ನಿಲ್ಲುತ್ತೆ. ಕನಿಷ್ಠ ಪೆನ್ಷನ್ 1,000 ಅಂತ ಮಾಡಿದ್ದು 2014ರಲ್ಲಿ.

ಪೂರ್ತಿ ಸಂಬಳದ ಮೇಲೆ ಪೆನ್ಷನ್ ಬೇಕು ಅನ್ನೋರಿಗೆ 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪು ಒಂದು ದಾರಿ ತೆರೆಯಿತು. ಆದ್ರೆ ಹಳೇ ಬಾಕಿಯನ್ನ ಪಿಎಫ್‌ನಿಂದ ಪೆನ್ಷನ್ ನಿಧಿಗೆ ತುಂಬಬೇಕು. ಅಂದ್ರೆ ಗಂಟು ಕರಗುತ್ತೆ.

(4/4)
2020ರ ಡಿಸೆಂಬರ್‌ನಲ್ಲಿ ಬಸ್ಸು ನಿಂತಾಗ ಮುಖ್ಯ ಬೇಡಿಕೆ ಏನಿತ್ತು ನೆನಪಿದೆಯಾ? 'ನಮ್ಮನ್ನ ಸರ್ಕಾರಿ ನೌಕರರು ಅಂತ ಮಾಡಿ.' ನಮ್ಮ ಪಕ್ಕದ ಆಂಧ್ರದಲ್ಲಿ 2020ರ ಜನವರಿ 1ರಿಂದ ಸಾರಿಗೆ ನೌಕರರನ್ನ ಸರ್ಕಾರಕ್ಕೆ ಸೇರಿಸಿಕೊಂಡಿದ್ರು. ಆದ್ರೆ ಒಂದು ಮಾತು: ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ಸರ್ಕಾರಿ ನೌಕರರಿಗೇ ಹಳೇ ಪೆನ್ಷನ್ ಬದಲು ಎನ್‌ಪಿಎಸ್ ಬಂದಿದೆ. ಹೆಸರು ಬದಲಾದ ಮಾತ್ರಕ್ಕೆ ಮುಪ್ಪಿನ ಚಿಂತೆ ತೀರಲ್ಲ.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಊರು ನಮ್ಮದು. ಕೆಲಸ ನಿಂತ ಮೇಲೆ ಮನೆ ಹೇಗೆ ನಡೆಯುತ್ತೆ ಅನ್ನೋದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮನೇಲಿ ಬಸ್ ಡ್ಯೂಟಿ ಮಾಡೋರು ಇದ್ರೆ ಇವತ್ತೇ ಕೂತು ನೋಡಿ: ಪಿಎಫ್‌ನಲ್ಲಿ ನಾಮಿನಿ ಯಾರು? ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಹೊಂದುತ್ತಾ? ಅಕ್ಷರ ತಪ್ಪಿದ್ರೆ ಈಗಲೇ ಸರಿಮಾಡಿಸಿ.

#ಆಂಡರ್ಸನ್‌ಪೇಟೆ #ಕೆಜಿಎಫ್ #ಸಾರಿಗೆನೌಕರರು #ಪೆನ್ಷನ್