ಬಾಟಲಿ ತುಂಬಿಸಲು ಮರೆತವರು

ಟರ್ಬೊ ಇಲ್ಲದ ಎಂಜಿನ್‌ಗೆ ಟರ್ಬೊ ಕೂರಿಸಬಹುದಾ? ಕಾರಿನ ಹುಚ್ಚಿರುವ ಯಾರನ್ನೇ ಕೇಳಿ, ಒಮ್ಮೆಯಾದರೂ ಈ ಪ್ರಶ್ನೆ ಅವರ ತಲೆಯಲ್ಲಿ ಬಂದು ಹೋಗಿರುತ್ತದೆ. ನನಗಂತೂ ನಾಲ್ಕು ಜನ, ಲಗೇಜು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಪ್ರತಿ ಸಲ ಬರುತ್ತದೆ. ಕೂರಿಸಬಹುದು ಅನ್ನೋದು ಗೊತ್ತಿರುವ ಉತ್ತರ. ಕೂರಿಸಿದ ಮೇಲೆ ಏನಾಗುತ್ತೆ ಅನ್ನೋದಕ್ಕೆ ನನಗೆ ಸಿಕ್ಕಿದ ಒಳ್ಳೆಯ ಪಾಠ 1962ರ ಒಂದು ಅಮೆರಿಕನ್ ಕಾರಿನದು. ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಹಿಂದಿನಿಂದ ಶುರು ಮಾಡೋಣ.

ಎಂಜಿನ್‌ನಲ್ಲಿ ಸುಡುವ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರ್ ಮೂಲಕ ಆಚೆ ಹೋಗಿಬಿಡುತ್ತದೆ. ಈ ಪೋಲನ್ನು ಹಿಡಿದು ಕೆಲಸಕ್ಕೆ ಹಚ್ಚಬೇಕು ಅಂತ ಹೊರಟವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಅವನು ಪೇಟೆಂಟ್ ಪಡೆದ ಉಪಾಯ ಕೇಳೋಕೆ ಸರಳ: ಹೊರಹೋಗುವ ಹೊಗೆ ಒಂದು ಟರ್ಬೈನನ್ನು ತಿರುಗಿಸಲಿ. ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಲಿ. ಗಾಳಿ ಹೆಚ್ಚು ಹೋದರೆ ಇಂಧನವೂ ಹೆಚ್ಚು ಸುಡಬಹುದು. ಎಂಜಿನ್ ಗಾತ್ರ ಅಷ್ಟೇ ಇದ್ದರೂ ಶಕ್ತಿ ಹೆಚ್ಚಾಗುತ್ತೆ.

ಉಪಾಯ ಕೆಲಸಕ್ಕೆ ಬರೋಕೆ ಇಪ್ಪತ್ತು ವರ್ಷ ಹಿಡಿಯಿತು. ‘ಪ್ರೊಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಹಡಗುಗಳು 1926ರಲ್ಲಿ ನೀರಿಗಿಳಿದವು. ಬ್ಯೂಖಿಯ ಟರ್ಬೊ ಸೇರಿಸಿದ್ದರಿಂದ ಅವುಗಳ ಡೀಸೆಲ್ ಎಂಜಿನ್ 1750 ಅಶ್ವಶಕ್ತಿಯ ಬದಲು 2500 ಕೊಟ್ಟಿತು.

ಇದರ ನಡುವೆ ಅಮೆರಿಕದಲ್ಲಿ ಬೇರೊಂದು ತಲೆನೋವು. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಒಂದು ಲಿಬರ್ಟಿ ವಿಮಾನ ಎಂಜಿನನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 14,000 ಅಡಿ ಎತ್ತರಕ್ಕೆ ಹೊತ್ತುಕೊಂಡು ಹೋದ. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ ಸುಮಾರು 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ ಮತ್ತೆ 350 ದಾಟಿತು. ಇದು ನಮಗೆ ತೀರಾ ದೂರದ ವಿಷಯವೇನಲ್ಲ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಗಾಳಿಗೆ ಹೋಲಿಸಿದರೆ ಇಲ್ಲಿನದು ಶೇಕಡಾ ಎಂಟು-ಹತ್ತರಷ್ಟು ತೆಳು. ಟರ್ಬೊ ಇಲ್ಲದ ನಮ್ಮ ಕಾರುಗಳು ದಿನಾ ಅಷ್ಟರಮಟ್ಟಿಗೆ ಹಸಿದುಕೊಂಡೇ ಓಡಾಡುತ್ತಿವೆ.

ಹಡಗಿಗೆ ಬಂತು, ವಿಮಾನಕ್ಕೆ ಬಂತು, ಪೆಟ್ರೋಲ್ ಕಾರಿಗೆ ಬರೋಕೆ ಮಾತ್ರ 1962ರ ತನಕ ಯಾಕೆ ಕಾಯಬೇಕಾಯ್ತು? ದೊಡ್ಡ ಕಾರಣ ನಾಕಿಂಗ್. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಒತ್ತುತ್ತದೆ, ಇಂಧನ ಆಮೇಲೆ ಸಿಂಪಡಿಸಲಾಗುತ್ತದೆ. ಆ ಕಾಲದ ಪೆಟ್ರೋಲ್ ಎಂಜಿನ್ ಒತ್ತುತ್ತಿದ್ದದ್ದು ಗಾಳಿ-ಪೆಟ್ರೋಲ್ ಮಿಶ್ರಣವನ್ನೇ. ಒತ್ತಿದಷ್ಟೂ ಬಿಸಿ. ಮಿತಿ ಮೀರಿದರೆ ಮಿಶ್ರಣದ ಒಂದಷ್ಟು ಭಾಗ ಸ್ಪಾರ್ಕ್ ಪ್ಲಗ್ಗಿನ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಎಂಜಿನ್ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಬರುತ್ತದೆ. ಹೀಗೇ ಬಿಟ್ಟರೆ ಪಿಸ್ಟನ್ ತೂತು ಬೀಳಬಹುದು.

ಟರ್ಬೊ ಮೊದಲೇ ಒತ್ತಿದ ಗಾಳಿಯನ್ನು ಪಿಸ್ಟನ್ ಮತ್ತೊಮ್ಮೆ ಒತ್ತುತ್ತದೆ. ಹಾಗಾಗಿ ಟರ್ಬೊ ಸೇರಿಸುವವರು ಸಾಮಾನ್ಯವಾಗಿ ಎಂಜಿನ್‌ನ ಕಂಪ್ರೆಷನ್ ರೇಶಿಯೊ, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತೆ ಅನ್ನುವ ಲೆಕ್ಕವನ್ನು ತಗ್ಗಿಸಬೇಕು. ತಗ್ಗಿಸಿದರೆ ಟರ್ಬೊ ಇನ್ನೂ ಸುತ್ತಿಕೊಳ್ಳದ ಕಡಿಮೆ ವೇಗದಲ್ಲಿ ಕಾರು ಮಂಕಾಗುತ್ತದೆ. ತಗ್ಗಿಸದಿದ್ದರೆ ನಾಕಿಂಗ್. ಬೆಲೆ ಎಲ್ಲಾದರೂ ಒಂದು ಕಡೆ ಕಟ್ಟಲೇಬೇಕು.

1962ರಲ್ಲಿ ಜನರಲ್ ಮೋಟರ್ಸ್‌ನ ಎರಡು ವಿಭಾಗಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಟರ್ಬೊ ಕಾರು ತಂದವು. ಎರಡೂ ಇದ್ದ ಎಂಜಿನ್‌ಗೆ ಟರ್ಬೊ ಕೂರಿಸಿದ ಕಾರುಗಳೇ. ಎರಡೂ ಬೆಲೆ ಕಟ್ಟಿದ ರೀತಿ ಮಾತ್ರ ಬೇರೆ.

ಶೆವರ್ಲೆಯವರ ಕಾರ್ವೇರ್ ಮೊಂಜಾ ಸ್ಪೈಡರ್‌ನವರು ಕಂಪ್ರೆಷನ್ 8ಕ್ಕೇ ನಿಲ್ಲಿಸಿದರು. ಕ್ರ್ಯಾಂಕ್‌ಶಾಫ್ಟ್, ಎಕ್ಸಾಸ್ಟ್ ವಾಲ್ವ್‌ಗಳನ್ನು ಗಟ್ಟಿ ಮಾಡಿದರು. ಸಾದಾ ಕಾರ್ವೇರ್ 80 ಅಶ್ವಶಕ್ತಿಯದ್ದಾದರೆ ಇದು 150ರದ್ದು. ಕೆಳಗಿನ ವೇಗದಲ್ಲಿ ಪಿಕಪ್ ಕಮ್ಮಿ, ಆದರೆ ಮಾಲೀಕ ವಿಶೇಷವಾಗಿ ಮಾಡಬೇಕಾದ್ದು ಏನೂ ಇರಲಿಲ್ಲ.

ಆಲ್ಡ್ಸ್‌ಮೊಬೀಲ್ ಜೆಟ್‌ಫೈರ್‌ನವರಿಗೆ ಎರಡೂ ಬೇಕಿತ್ತು. ಅವರದ್ದು 3.5 ಲೀಟರಿನ ಅಲ್ಯೂಮಿನಿಯಂ ವಿ8. ಕಂಪ್ರೆಷನ್ 10.25ರಷ್ಟು ಎತ್ತರದಲ್ಲೇ ಇರಲಿ, ಮೇಲೆ ಟರ್ಬೊ 5 ಪಿಎಸ್‌ಐ ಒತ್ತಡವನ್ನೂ ಕೊಡಲಿ ಅಂತ ತೀರ್ಮಾನಿಸಿದರು. ವಾತಾವರಣದ ಒತ್ತಡದ ಸುಮಾರು ಮೂರನೇ ಒಂದು ಪಾಲು ಅದು. ಟರ್ಬೊ ಇಲ್ಲದಾಗ 155 ಅಥವಾ 185 ಅಶ್ವಶಕ್ತಿ ಇದ್ದದ್ದು 215 ಆಯಿತು. ನಾಕಿಂಗ್ ತಡೆಯೋಕೆ ಒಂದು ದ್ರವ ಸಿಂಪಡಿಸುವ ವ್ಯವಸ್ಥೆ ಇಟ್ಟರು. ಮೆಥನಾಲ್, ಬಟ್ಟಿ ಇಳಿಸಿದ ನೀರು, ತುಕ್ಕು ಹಿಡಿಯದಿರಲಿ ಅಂತ ಇನ್ನೊಂಚೂರು ರಾಸಾಯನಿಕ. ಹೆಸರು ಮಾತ್ರ ಭರ್ಜರಿ: ಟರ್ಬೊ ರಾಕೆಟ್ ಫ್ಲೂಯಿಡ್! ದ್ರವ ಆವಿಯಾಗುತ್ತಾ ಮಿಶ್ರಣವನ್ನು ತಂಪು ಮಾಡುತ್ತಿತ್ತು. ಬಾನೆಟ್ ಕೆಳಗಿನ ಪುಟ್ಟ ಟ್ಯಾಂಕಿಗೆ ಬಾಟಲಿಯಿಂದ ಆಗಾಗ ಅದನ್ನು ತುಂಬಿಸುವುದು ಮಾಲೀಕರ ಕೆಲಸ.

ತುಂಬಿಸದಿದ್ದರೆ ಎಂಜಿನ್ ಒಡೆದುಹೋಗುವ ಹಾಗೇನೂ ಇರಲಿಲ್ಲ. ಟ್ಯಾಂಕು ಬರಿದಾದರೆ ಟರ್ಬೊ ಒತ್ತಡ ತಾನಾಗಿ ತಗ್ಗುವ ಹಾಗೆ ಮಾಡಿದ್ದರು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಜನ ತುಂಬಿಸಲಿಲ್ಲ. ಪೆಟ್ರೋಲ್ ಹಾಕಿಸಿ, ಆಯಿಲ್ ಬದಲಿಸಿ ಗೊತ್ತಿದ್ದವರಿಗೆ ಮೂರನೆಯದೊಂದು ದ್ರವದ ನೆನಪು ಎಲ್ಲಿಂದ ಬರಬೇಕು? ಹೆಚ್ಚು ದುಡ್ಡು ಕೊಟ್ಟು ಕೊಂಡ ಪಿಕಪ್ಪೇ ಮಾಯ. ದೂರುಗಳು ಬಂದವು. ಎರಡು ವರ್ಷದಲ್ಲಿ ಹತ್ತು ಸಾವಿರವೂ ಮಾರಾಟವಾಗದೆ 1963ಕ್ಕೆ ಜೆಟ್‌ಫೈರ್ ನಿಂತಿತು. ಆಮೇಲೆ ಕಂಪನಿಯೇ ಟರ್ಬೊ ಬಿಚ್ಚಿ ಸಾದಾ ಕಾರ್ಬ್ಯುರೇಟರ್ ಹಾಕಿಕೊಡೋಕೆ ಮುಂದಾಯಿತು. ಒಳ್ಳೆ ತಂತ್ರಜ್ಞಾನಕ್ಕೆ ಇದಕ್ಕಿಂತ ಅವಮಾನ ಬೇಕಾ? ಅತ್ತ ಕಾರ್ವೇರ್‌ನ ಟರ್ಬೊ 1966ರವರೆಗೂ ಮಾರಾಟದಲ್ಲಿತ್ತು.

ಜೆಟ್‌ಫೈರ್ ಎಂಜಿನ್ ಕೆಟ್ಟದ್ದು ಅನ್ನೋ ಹಾಗೂ ಇಲ್ಲ. ಅದೇ ಆಲ್ಡ್ಸ್‌ಮೊಬೀಲ್ ಅಲ್ಯೂಮಿನಿಯಂ ಬ್ಲಾಕನ್ನು ಆಧಾರವಾಗಿಟ್ಟುಕೊಂಡು ಆಸ್ಟ್ರೇಲಿಯಾದ ರೆಪ್ಕೊ ಕಂಪನಿ ಒಂದು ರೇಸ್ ಎಂಜಿನ್ ಕಟ್ಟಿತು. ಟರ್ಬೊ ಇಲ್ಲದ ಆ ಎಂಜಿನ್‌ನಲ್ಲೇ ಜ್ಯಾಕ್ ಬ್ರಾಬಮ್ 1966ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ನನ್ನ ಪ್ರಕಾರ ಜೆಟ್‌ಫೈರ್ ಸೋತದ್ದು ಒಂದೇ ಕಡೆ: ಶಕ್ತಿಯ ಬೆಲೆಯನ್ನು ಕೊಂಡವರ ನೆನಪಿನ ಶಕ್ತಿಯ ಖಾತೆಗೆ ಹಾಕಿದ್ದರಲ್ಲಿ.

ಮುಂದಿನ ಟರ್ಬೊ ಇತಿಹಾಸವನ್ನು ಈ ಖಾತೆ ಬದಲಾಯಿಸಿದ ಕತೆಯಾಗಿಯೂ ಓದಬಹುದು. 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸಾಬ್ ಕಂಪನಿ 99 ಟರ್ಬೊ ತಂದಿತು. ಪೆರ್ ಗಿಲ್‌ಬ್ರಾಂಡ್ ಮುಂದಾಳತ್ವದ ಎಂಜಿನಿಯರ್‌ಗಳು ರೇಸಿನ ವೇಗಕ್ಕಿಂತ ದಿನಬಳಕೆಯ ಓಟ ಮುಖ್ಯ ಅಂದುಕೊಂಡು, ಬೇಗ ಸುತ್ತಿಕೊಳ್ಳುವ ಸಣ್ಣ ಟರ್ಬೊ ಆರಿಸಿದರು. ಒತ್ತಡ ಹೆಚ್ಚಾದರೆ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಇಟ್ಟರು. 1980ರ ದಶಕದ ಆರಂಭದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ನಾಕಿಂಗನ್ನು ಆಲಿಸುವ ಸೆನ್ಸರನ್ನೇ ಎಂಜಿನ್‌ಗೆ ಅಂಟಿಸಿದರು. ಸದ್ದು ಕೇಳಿದ ಕೂಡಲೇ ಎಲೆಕ್ಟ್ರಾನಿಕ್ಸ್ ಒತ್ತಡ ತಗ್ಗಿಸುತ್ತಿತ್ತು. ನೆನಪಿಡುವ ಕೆಲಸ ಮಾಲೀಕನ ತಲೆಯಿಂದ ಯಂತ್ರಕ್ಕೆ ಹೋಯಿತು.

ಇವತ್ತು ಶೋರೂಮಿನಿಂದ ಬರುವ ಎಷ್ಟೋ ಟರ್ಬೊ ಪೆಟ್ರೋಲ್ ಕಾರುಗಳ ಕಂಪ್ರೆಷನ್ 10ರ ಆಸುಪಾಸಿನಲ್ಲಿದೆ. ಜೆಟ್‌ಫೈರ್ ಸೋತ ಅದೇ ಜಾಗ! ಗಾಳಿ ತಣಿಸುವ ಇಂಟರ್‌ಕೂಲರ್, ಸಿಲಿಂಡರಿಗೇ ನೇರ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಕ್ಷಣಕ್ಷಣವೂ ಲೆಕ್ಕ ಹಾಕುವ ಇಸಿಯು ಸೇರಿಕೊಂಡು ನಿಮಗೆ ಗೊತ್ತೇ ಆಗದಂತೆ ಬೆಲೆ ಕಟ್ಟುತ್ತಿರುತ್ತವೆ.

ಸಾದಾ ಎಂಜಿನ್‌ಗೆ ಕಿಟ್ ತಂದು ಹಾಕಿಸಿದಾಗ ನೀವು 1962ಕ್ಕೆ ವಾಪಸ್ ಹೋಗುತ್ತೀರಿ. ಕಂಪ್ರೆಷನ್ ಎಷ್ಟಿರಬೇಕು, ಪೆಟ್ರೋಲ್ ಸಾಕಾಗುತ್ತಾ, ಇಸಿಯು ಹೊಸ ಲೆಕ್ಕ ಕಲಿತಿದೆಯಾ, ಟರ್ಬೊಗೆ ಆಯಿಲ್ ಎಲ್ಲಿಂದ, ಕ್ಲಚ್ಚು ಗೇರ್‌ಬಾಕ್ಸು ತಡೆಯುತ್ತಾ, ಎಲ್ಲವೂ ನಿಮ್ಮ ತಲೆಗೇ. ಮೇಲೆ ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ ಅದು ಹೇಳುತ್ತೆ.

ಹಾಗಂತ ಜೆಟ್‌ಫೈರ್ ಉಪಾಯ ಸತ್ತಿಲ್ಲ. 2016ರ ಹೊತ್ತಿಗೆ ಬಿಎಂಡಬ್ಲ್ಯು ತನ್ನ ಎಂ4 ಜಿಟಿಎಸ್ ಕಾರಿನಲ್ಲಿ ನೀರು ಸಿಂಪಡಿಸಿ ಗಾಳಿ ತಣಿಸುವ ವ್ಯವಸ್ಥೆ ತಂದಿತು. ಅದಕ್ಕೂ ಒಂದು ಟ್ಯಾಂಕು, ಅದನ್ನೂ ಮಾಲೀಕರೇ ತುಂಬಿಸಬೇಕು. ಅದು ರೇಸ್ ಟ್ರ್ಯಾಕಿಗೆ ಹೋಗುವವರಿಗಾಗಿ ಸೀಮಿತ ಸಂಖ್ಯೆಯಲ್ಲಿ ಮಾಡಿದ ಕಾರು. ಬಾನೆಟ್ ತೆಗೆಯೋದೇ ಖುಷಿ ಅನ್ನೋರಿಗೆ ಟ್ಯಾಂಕು ತುಂಬಿಸೋದು ಹೊರೆಯಲ್ಲ. ಸರ್ವಿಸ್ ದಿನಾಂಕಕ್ಕೂ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳುವ ನನ್ನಂಥವರು ಘಾಟಿಯಲ್ಲಿ ಒಂದು ಗೇರ್ ಇಳಿಸಿ ನಿಧಾನಕ್ಕೆ ಹತ್ತೋದು ಒಳ್ಳೆಯದು.