ಬಿರುದಿನ ಒಡೆತನ

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದುದು ಅಲ್ಲಿನ ಬ್ರಿಟಿಷ್ ರೆಸಿಡೆನ್ಸಿಯ ಭವನದಿಂದ. 19ನೆಯ ಶತಮಾನದ ಆದಿಯಲ್ಲಿ ಅದನ್ನು ಕಟ್ಟಿಸಿದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್‌ನಿಗೆ ನಿಜಾಮನಿಂದ 'ಹಷ್ಮತ್ ಜಂಗ್' ಎಂಬ ಬಿರುದು ದೊರೆತಿತ್ತು. ಆ ದರ್ಬಾರಿನಲ್ಲಿ ಬಿರುದು ಸಿಂಹಾಸನದ ಕೊಡುಗೆ. ಅಜ್ಜ, ಮಗ, ಮೊಮ್ಮಗ ಮೂವರೂ ಸಾಲಾರ್ ಜಂಗ್ ಎನಿಸಿಕೊಂಡು ದಿವಾನಗಿರಿ ನಡೆಸಿದರು. ಕೊಡುವ ಪೀಠ ಒಂದೇ ಆದುದರಿಂದ ತಕರಾರಿಗೆ ಎಡೆಯಿರಲಿಲ್ಲ.

ಕನ್ನಡ ನಾಡಿನಲ್ಲಿ ಬಿರುದಿಗಾಗಿ ಕತ್ತಿ ಹಿರಿದ ಐತಿಹ್ಯವೂ ಉಂಟು. 'ಬಿರುದೆಂತೆಂಬರ ಗಂಡ' ಎಂಬುದು ಮೈಸೂರು ಒಡೆಯರ ಪ್ರಸಿದ್ಧ ಬಿರುದು. ಅಂಥಿಂಥ ಬಿರುದು ತನ್ನದೆಂದು ಮೆರೆಯುವವರನ್ನು ಅಡಗಿಸಿದವನೆಂದು ಅದರ ಅರ್ಥ. 16ನೆಯ ಶತಮಾನದ ತಿಮ್ಮರಾಜ ಒಡೆಯರು ನಂಜನಗೂಡಿನ ಕಲಹದಲ್ಲಿ ಗೆದ್ದು ಇದನ್ನು ಪಡೆದರೆಂದು ಹೇಳುವುದುಂಟು. ಕವಿಗಳಾದರೋ ಹೆಚ್ಚು ಉದಾರಿಗಳು: ರನ್ನನೂ ಜನ್ನನೂ ಕವಿಚಕ್ರವರ್ತಿಗಳೇ.

ಗರಡಿಯಲ್ಲಿ ಬಿರುದು ಮಣ್ಣಿನ ಮೇಲೆ ಕೈ ಬದಲಾಗುತ್ತದೆ. 1910ರಲ್ಲಿ ಲಂಡನ್ನಿನಲ್ಲಿ ಜ್ಬಿಸ್ಕೋನನ್ನು ಎದುರಿಸಿ ಮರಳಿದ ಗಾಮನು ರಹೀಂ ಬಕ್ಷನನ್ನು ಸೋಲಿಸಿ ರುಸ್ತುಂ-ಎ-ಹಿಂದ್ ಆದನು. 1954ರಲ್ಲಿ ಅದೇ ಬಿರುದು ದಾರಾ ಸಿಂಗನಿಗೆ ಸಂದಿತು. ಬೆಳಗಾವಿ ಜಿಲ್ಲೆಯ ಯಕ್ಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಹಿಂದ್ ಕೇಸರಿಯಾದರು. ಮೈಸೂರಿನ ದಸರಾ ಕೇಸರಿಯೂ ಹೀಗೆಯೇ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುವ ಬಿರುದು.

ಕ್ರಿಕೆಟ್ಟಿನ ಅಡ್ಡಹೆಸರಿಗೆ ಕೊಡುವವರೂ ಇಲ್ಲ, ಕಸಿಯುವವರೂ ಇಲ್ಲ. ಅದು ಪ್ರೇಕ್ಷಕರ ಬಾಯಿಯಿಂದಲೂ ವರದಿಗಾರರ ಲೇಖನಿಯಿಂದಲೂ ಹುಟ್ಟುವಂಥದು. ಹೈದರಾಬಾದಿನ ತಂಡದಲ್ಲಿ ಜೈಸಿಂಹನ ನಾಯಕತ್ವದಲ್ಲಿ ಆಡಿದ ಪಟೌಡಿ 'ಟೈಗರ್' ಆಗಿದ್ದನು. ಅವನಿಗಿಂತ ಮೊದಲು ಆಸ್ಟ್ರೇಲಿಯದ ಬಿಲ್ ಓರೈಲಿಯೂ ಟೈಗರನೇ. ಹನೀಫ್ ಮಹಮ್ಮದ್, ಗಾವಸ್ಕರ್ ಇಬ್ಬರೂ 'ಲಿಟಲ್ ಮಾಸ್ಟರ್'. ಭದ್ರಾವತಿಯ ಗುಂಡಪ್ಪ ವಿಶ್ವನಾಥರ 'ವಿಶಿ' ಎಂಬ ಹೆಸರು ಚದುರಂಗದ ಆನಂದರಿಗೂ ಅಂಟಿತು. ಯಾರೂ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ಈ ಸಹಬಾಳ್ವೆಯ ನಡುವೆ ಮಹೇಂದ್ರ ಸಿಂಗ್ ಧೋನಿಯವರ ಪರವಾಗಿ 'ಕ್ಯಾಪ್ಟನ್ ಕೂಲ್' ಎಂಬ ಮಾತನ್ನು ವ್ಯಾಪಾರಚಿಹ್ನೆಯಾಗಿ ನೋಂದಾಯಿಸಲು ಅರ್ಜಿ ಸಲ್ಲಿಕೆಯಾಯಿತು. ಅದು 2025ರ ಜೂನ್ 16ರಂದು ಟ್ರೇಡ್ ಮಾರ್ಕ್ಸ್ ಜರ್ನಲಿನಲ್ಲಿ ಪ್ರಕಟವಾಯಿತು. ಕೋರಿಕೆ 41ನೆಯ ವರ್ಗದ್ದು, ಅಂದರೆ ಕ್ರೀಡಾ ತರಬೇತಿ ಮೊದಲಾದ ಸೇವೆಗಳದ್ದು. 1996ರಲ್ಲಿ ವಿಶ್ವಕಪ್ ಗೆದ್ದ ಶ್ರೀಲಂಕಾದ ನಾಯಕ ಅರ್ಜುನ ರಣತುಂಗರನ್ನೂ ಇದೇ ಹೆಸರಿನಿಂದ ಕರೆಯುತ್ತಾರೆಂಬುದು ಕ್ರಿಕೆಟ್ ಬಲ್ಲವರಿಗೆ ವಿದಿತವೇ. ಹಾಗಾದರೆ ಮೊದಲಿಗರ ಹಕ್ಕೇನು?

1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮ ಮೊದಲು ಯಾರು ಹೊಗಳಿಸಿಕೊಂಡರೆಂದು ಕೇಳುವುದಿಲ್ಲ. ಸರಕು ಸೇವೆಗಳ ವ್ಯವಹಾರದಲ್ಲಿ ಆ ಮಾತು ಯಾರನ್ನು ಸೂಚಿಸುತ್ತದೆಂದು ಕೇಳುತ್ತದೆ. 34ನೆಯ ಸೆಕ್ಷನ್ನು ಹಿಂದಿನಿಂದ ನಿರಂತರವಾಗಿ ಬಳಸುತ್ತ ಬಂದವರನ್ನು ಕಾಪಾಡುವುದಾದರೂ ಆ ಬಳಕೆ ವ್ಯಾಪಾರದ್ದಾಗಿರಬೇಕು. ಕೀರ್ತಿ ಬೇರೆ, ಬಳಕೆ ಬೇರೆ. ಬಿರುದನ್ನು ಹಣಕ್ಕೆ ತೊಡಗಿಸದೆ ಬಿಟ್ಟವನಿಗೆ ಈ ಏರ್ಪಾಡಿನಲ್ಲಿ ಒದಗುವ ಆಸರೆ ಅತ್ಯಲ್ಪವೆಂಬುದೇ ಇಲ್ಲಿನ ಕೊರತೆ. ಕ್ರೀಡಾಂಗಣದ ಕೂಗಿಗೆ ಮಾತ್ರ ಕಾಯಿದೆಯ ಅಡ್ಡಿಯಿಲ್ಲ. ನೋಂದಣಿ ಕಟ್ಟಿಹಾಕುವುದು ವ್ಯಾಪಾರದ ಫಲಕವನ್ನೇ ಹೊರತು ನಾಲಗೆಯನ್ನಲ್ಲ.

ಪ್ರಕಟಣೆಯಾದ ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಿಸಬಹುದು. ನೋಂದಣಿಯಾದರೆ ಅದರ ಅವಧಿ 10 ವರ್ಷ; ಶುಲ್ಕ ಕೊಟ್ಟು ನವೀಕರಿಸಬಹುದು. ಐದು ವರ್ಷ ಬಳಸದೆ ಬಿಟ್ಟರೆ ಅದನ್ನು ತೆಗೆದುಹಾಕಿಸಲು ಅನ್ಯರು ಅರ್ಜಿ ಹಾಕಬಹುದು.